ಹೊರಗಿನವರಿಗೆ ಅಂತ ಹಾಕಿದ ಬೀಗ ಒಳಗಿದ್ದವರಿಗೆ ಬಿತ್ತು: ಎರಡು ರಾತ್ರಿಯ ಹಡಗು ಪ್ರಯಾಣ

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಟ್ಟಿದ್ದು 5ಕ್ಕೆ 2 ಸ್ಟಾರ್. ಹಡಗು ಚೆನ್ನಾಗಿಲ್ಲ ಅಂತಲ್ಲ. ಕ್ಯಾಬಿನ್ ಚೊಕ್ಕಟವಾಗಿತ್ತು. ಹಾಸಿಗೆ, ಹೊದಿಕೆ ಎಲ್ಲ ಶುಭ್ರ. ಬಿಸಿನೀರು ಒಮ್ಮೆಯೂ ಕೈಕೊಡಲಿಲ್ಲ. ಕೆಲಸದವರು ಮುಖ ಸಿಂಡರಿಸದೆ ಮಾತಾಡಿಸಿದರು. ಅಷ್ಟಕ್ಕೇ ಆಗಿದ್ದರೆ 5 ಸ್ಟಾರ್ ಕೊಟ್ಟು ಸುಮ್ನಿರುತ್ತಿದ್ದೆ. ಉಳಿದ 3 ಸ್ಟಾರ್ ಹೋಗಿದ್ದು ಒಂದೇ ಒಂದು ಬಾಗಿಲಿನಿಂದ.

ನಾನು 17 ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿದವನು. ಬಿಟ್ಟು 6 ವರ್ಷವಾಯಿತು. ಪ್ರಯಾಣಿಕನಾಗಿ ಟಿಕೆಟ್ ತೆಗೆದುಕೊಂಡು ಹಡಗು ಹತ್ತಿದ್ದು ಇದೇ ಮೊದಲು. ಜೊತೆಗೆ ಅಮ್ಮ, ಹೆಂಡತಿ, 8 ವರ್ಷದ ಮಗಳು. ಅಮ್ಮನಿಗೆ 74, ಒಂದು ಮಂಡಿಗೆ ಆಪರೇಷನ್ ಆಗಿದೆ. ಕೋಲು ಹಿಡಿದು ನಿಧಾನವಾಗಿ ನಡೆಯುತ್ತಾರೆ. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅವರಿಗೆ ನೇರವಾಗಿ ಪತ್ರ ಬರೆದಿದ್ದೇನೆ. ಇಂಥ ಬಾಗಿಲು ಬೇರೆ ಹಡಗಿನಲ್ಲೂ ಇರಬಹುದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹತ್ತುವಾಗಿನ ತಪಾಸಣೆಗೆ ಪೂರ್ತಿ ಅಂಕ. ಬ್ಯಾಗುಗಳೆಲ್ಲ ಸ್ಕ್ಯಾನರ್‌ನಲ್ಲಿ ಹೋದವು. ಹಡಗು ಹತ್ತುವ ಸೇತುವೆಯ, ಅಂದರೆ ಗ್ಯಾಂಗ್‌ವೇ ಬಾಯಲ್ಲಿ ಕಾರ್ಡ್ ಮುಟ್ಟಿಸಿದರೆ ಪರದೆಯ ಮೇಲೆ ನಮ್ಮ ಫೋಟೊ ಬರುತ್ತದೆ. ಅಲ್ಲಿ ನಿಂತ ಹುಡುಗಿ ಫೋಟೊ ನೋಡಿ, ಮುಖ ನೋಡಿ, ಆಮೇಲೆ ಒಳಗೆ ಬಿಡುತ್ತಾಳೆ. ಅಮ್ಮನ ಮಂಡಿಯೊಳಗಿನ ಲೋಹಕ್ಕೆ ಗೇಟ್ ಕೂಗಿಕೊಂಡಿತು. ಅವರನ್ನು ಗಾಬರಿ ಮಾಡಿಸದೆ ಕುರ್ಚಿ ಹಾಕಿ ಕೂರಿಸಿ, ಒಬ್ಬ ಹೆಂಗಸೇ ಬಂದು ಕೈಮೆಷಿನ್‌ನಿಂದ ನೋಡಿದರು. ಅಮ್ಮನಿಗೆ ತುಂಬಾ ಸಮಾಧಾನ ಆಯಿತು.

ಕ್ಯೂ 50 ನಿಮಿಷ ಹಿಡಿಯಿತು. ಹಿಂದಿದ್ದವರು ಗೊಣಗುತ್ತಿದ್ದರು. ನನಗೆ ಬೇಜಾರಾಗಲಿಲ್ಲ. 1985ರ ಅಕ್ಟೋಬರ್‌ನಲ್ಲಿ ಅಕಿಲೆ ಲಾರೊ ಅನ್ನುವ ಪ್ರವಾಸಿ ಹಡಗನ್ನು ಈಜಿಪ್ಟ್ ಬಳಿ ಅಪಹರಿಸಿದ ಬಂದೂಕುಧಾರಿಗಳು ಪ್ರಯಾಣಿಕರ ವೇಷದಲ್ಲೇ ಒಳಗೆ ಬಂದಿದ್ದರು. ಗಾಲಿಕುರ್ಚಿಯಲ್ಲಿ ಕೂತಿದ್ದ ಒಬ್ಬ ಹಿರಿಯರನ್ನು ಕೊಂದರು. 2004ರ ಫೆಬ್ರವರಿಯಲ್ಲಿ ಫಿಲಿಪೀನ್ಸ್‌ನ ಮನಿಲಾದಿಂದ ಹೊರಟ ಸೂಪರ್‌ಫೆರಿ 14ರಲ್ಲಿ ಬಾಂಬ್ ಸಿಡಿಯಿತು. ಅದನ್ನು ಟಿವಿ ಪೆಟ್ಟಿಗೆಯೊಳಗೆ ಇಟ್ಟು ಹತ್ತಿಸಿದ್ದರು. 116 ಜನ ಸತ್ತರು. ಅದಾಗಿ ಕೆಲವೇ ತಿಂಗಳಿಗೆ, 2004ರ ಜುಲೈ 1ರಿಂದ, ಹಡಗು ಮತ್ತು ಬಂದರುಗಳ ಭದ್ರತೆಗೆಂದೇ ಐಎಸ್‌ಪಿಎಸ್ ಅನ್ನುವ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂತು. ಆ ವರ್ಷ ನಾನು ಹಡಗಿನಲ್ಲಿದ್ದೆ. ಗ್ಯಾಂಗ್‌ವೇಯಲ್ಲಿ ಒಬ್ಬರು ಸದಾ ಕಾವಲಿರಬೇಕು, ಬಂದವರ ಹೆಸರು ಬರೆದುಕೊಳ್ಳಬೇಕು ಅಂತ ಆಯಿತು. ಹೀಗಾಗಿ ಬ್ಯಾಗ್ ತೆರೆದು ತೋರಿಸಿ ಅಂದರೆ ನಾನು ಖುಷಿಯಿಂದ ತೆರೆಯುತ್ತೇನೆ.

ಹೊರಡುವ ಮುಂಚೆ ಮಸ್ಟರ್ ಡ್ರಿಲ್, ಅಂದರೆ ಅಪಾಯದ ಹೊತ್ತಿನಲ್ಲಿ ಎಲ್ಲಿ ಸೇರಬೇಕು ಅನ್ನುವ ಅಭ್ಯಾಸ, ಮಾಡಿಸಿದರು. ಇದೂ ಚೆನ್ನಾಗಿತ್ತು. ಹಿಂದೆಲ್ಲ ಪ್ರಯಾಣಿಕರು ಹತ್ತಿದ 24 ಗಂಟೆಯೊಳಗೆ ಡ್ರಿಲ್ ಮಾಡಿದರೆ ಸಾಕಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ತೀರದಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಬಂಡೆಗೆ ಬಡಿದಾಗ, ಅವತ್ತೇ ಸಂಜೆ ಹತ್ತಿದ್ದ ನೂರಾರು ಜನಕ್ಕೆ ಡ್ರಿಲ್ ಆಗಿರಲೇ ಇಲ್ಲ. ಆ ದುರಂತದಲ್ಲಿ 32 ಜನ ಹೋದರು. 2015ರಿಂದ ನಿಯಮ ಬದಲಾಯಿತು. ಈಗ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ಕೂಡಲೇ ಮಾಡಿಸಬೇಕು. ಇವರು ಮುಂಚೆಯೇ ಮಾಡಿಸಿದರು. ಅಪಾಯದ ಸೂಚನೆ ಅಂದರೆ 7 ಸಲ ಗಿಡ್ಡ ಸದ್ದು, ಆಮೇಲೆ ಒಂದು ಉದ್ದ ಸದ್ದು. ಮಗಳು ಅದನ್ನು ಕಲಿತುಕೊಂಡು ರಾತ್ರಿಯಿಡೀ ಮಂಚದ ಕಟ್ಟಿಗೆ ಬಡಿಯುತ್ತಿದ್ದಳು.

ಡ್ರಿಲ್‌ನಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಎಲ್ಲರೂ ಸೇರುವ ಜಾಗಕ್ಕೆ, ಅಂದರೆ ಮಸ್ಟರ್ ಸ್ಟೇಷನ್‌ಗೆ ಬಂದವರ ಕಾರ್ಡ್‌ಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುತ್ತಿದ್ದರು. ಮೆಟ್ಟಿಲ ಮೇಲೆ ಜನ ನಿಂತುಬಿಟ್ಟರು. "ನಿಜವಾಗಿ ಬೆಂಕಿ ಬಿದ್ದಾಗಲೂ ಹೀಗೇನಾ?" ಅಂತ ಕೇಳಿದೆ. "ಇಲ್ಲ ಸರ್, ಆಗ ಮೊದಲು ಒಳಗೆ ಬಿಟ್ಟು ಕೂರಿಸುತ್ತೇವೆ. ಪಟ್ಟಿ ಹಿಡಿದು ತಲೆ ಎಣಿಸುತ್ತೇವೆ" ಅಂದಳು ಆ ಹುಡುಗಿ. ಅದು ಸರಿಯಾದ ಉತ್ತರ.

ಇನ್ನು ಕ್ಯಾಬಿನ್ನಿನ ವಿಚಾರ. ಬಾಗಿಲು ಹೊರಗಿನಿಂದ ಕಾರ್ಡ್ ಇಲ್ಲದೆ ತೆರೆಯುವುದಿಲ್ಲ. ಒಳಗಿನಿಂದ ಹಿಡಿಯನ್ನು ಒಮ್ಮೆ ಕೆಳಗೆ ಒತ್ತಿದರೆ ಬೀಗವೂ ಚಿಲಕವೂ ಒಟ್ಟಿಗೆ ಬಿಡುತ್ತವೆ. ಹಾಗೇ ಇರಬೇಕು. ಕಡಲಿನಲ್ಲಿ ಜೀವರಕ್ಷಣೆಗೆ ಅಂತ ಇರುವ ಸೋಲಾಸ್ ಒಪ್ಪಂದ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಪ್ರಯಾಣಿಕರ ಕ್ಯಾಬಿನ್ ಬಾಗಿಲನ್ನು ಒಳಗಿನಿಂದ ತೆರೆಯಲು ಕೀಲಿ ಬೇಕಾಗಬಾರದು. ತಪ್ಪಿಸಿಕೊಳ್ಳುವ ದಾರಿಯ ಯಾವ ಬಾಗಿಲಿಗೂ, ಹೊರಗೆ ಹೋಗುವ ದಿಕ್ಕಿನಲ್ಲಿ, ಕೀಲಿ ಬೇಕಾಗಬಾರದು. ಈ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ.

ಮಲಗುವಾಗ ನೋಡಿದರೆ ಅಮ್ಮ ಚಿಲಕದ ಜೊತೆಗೆ ಕುರ್ಚಿಯನ್ನೂ ಬಾಗಿಲಿಗೆ ಒತ್ತಿ ಇಟ್ಟಿದ್ದರು. ಕುರ್ಚಿ ಮೇಲೆ ಭಾರಕ್ಕೆ ಬ್ಯಾಗ್.

"ಯಾಕಮ್ಮ ಇದು?"

"ಗೊತ್ತಿಲ್ಲದ ಜಾಗ ಕಣೋ. ಯಾರಾದರೂ ನುಗ್ಗಿದರೆ?"

"ರಾತ್ರಿ ಹೊಗೆ ತುಂಬಿದರೆ ಕತ್ತಲಲ್ಲಿ ಈ ಕುರ್ಚಿ ಎಡವಿ ನೀನೇ ಬೀಳ್ತೀಯ. ನಾವು ಹೊರಗಿನಿಂದ ತಳ್ಳಿದರೂ ಬಾಗಿಲು ಬರಲ್ಲ."

ಅಮ್ಮ ಒಪ್ಪಲಿಲ್ಲ. ನಾನು ಹೊರಗೆ ಹೋಗುವಾಗ ಕುರ್ಚಿ ಸರಿಸಿ ಹೋದೆ. ಬಾಗಿಲು ಭದ್ರ ಮಾಡಿದಷ್ಟೂ ನಿಶ್ಚಿಂತೆ ಅನಿಸುವುದು ಸಹಜ ಅಲ್ವಾ? ಮುಂದೆ ನಡೆದದ್ದಕ್ಕೆ ಕಾರಣರಾದವರ ಮೇಲೆ ನನಗೆ ದ್ವೇಷ ಇಲ್ಲದಿರುವುದು ಇದಕ್ಕೇ. ಅವರು ಮಾಡಿದ್ದೂ ಅಮ್ಮ ಮಾಡಿದ್ದನ್ನೇ.

ಹೊಸ ಹಡಗಿಗೆ ಹೋದ ಮೊದಲ ರಾತ್ರಿ ನನ್ನ ಕ್ಯಾಬಿನ್ನಿನಿಂದ ತೆರೆದ ಡೆಕ್‌ವರೆಗೆ ಎರಡು ದಾರಿಯಲ್ಲೂ ನಡೆದು ನೋಡುವುದು ನನ್ನ ಹಳೇ ಅಭ್ಯಾಸ. ಬಾಗಿಲುಗಳನ್ನು ಎಣಿಸಿಕೊಳ್ಳುತ್ತೇನೆ. ಹೊಗೆಯಲ್ಲಿ ಕಣ್ಣು ಕಾಣದಿದ್ದರೂ ಗೋಡೆ ಸವರಿಕೊಂಡು ಎಣಿಸುತ್ತಾ ಹೋಗಬಹುದು. ನಮ್ಮದು 5ನೇ ಡೆಕ್, ಅಂದರೆ ಹಡಗಿನ 5ನೇ ಅಂತಸ್ತು. ಎಡಕ್ಕೆ 14 ಬಾಗಿಲು ದಾಟಿದರೆ ದೊಡ್ಡ ಮೆಟ್ಟಿಲು. ಬಲಕ್ಕೆ 9 ಬಾಗಿಲು ದಾಟಿದರೆ ಹಿಂಬದಿಯ ಕಿರಿದಾದ ಮೆಟ್ಟಿಲು. ಕ್ಯಾಬಿನ್ ಬಾಗಿಲ ಹಿಂದೆ ಅಂಟಿಸಿದ ನಕ್ಷೆಯಲ್ಲಿ ನಮಗೆ ತೋರಿಸಿದ್ದ ಮೊದಲ ದಾರಿ ಈ ಬಲಗಡೆಯದೇ. ಅಮ್ಮನ ನಡಿಗೆಗೆ ಅದೇ ಹತ್ತಿರ.

ರಾತ್ರಿ 11 ಗಂಟೆ. ಬಲಕ್ಕೆ ನಡೆದೆ. ನೆಲದ ಹತ್ತಿರ ಗೋಡೆಯುದ್ದಕ್ಕೂ ಮಿನುಗುವ ಹಸಿರು ಪಟ್ಟಿ ಇದೆ. ಹೊಗೆ ಮೇಲಕ್ಕೇರಿ ದೀಪಗಳನ್ನು ಮುಚ್ಚುತ್ತದೆ, ತೆವಳಿಕೊಂಡು ಹೋಗುವವರಿಗೆ ದಾರಿ ಕಾಣಲಿ ಅಂತ ಇದನ್ನು ನೆಲದಿಂದ 30 ಸೆಂಟಿಮೀಟರ್ ಒಳಗೇ ಹಾಕಬೇಕು ಅಂತ ನಿಯಮ. ಪಟ್ಟಿ ಹಿಡಿದು ಎರಡು ಡೆಕ್ ಮೇಲೆ ಹತ್ತಿದೆ. 7ನೇ ಡೆಕ್‌ನಲ್ಲಿ ಹೊರಗೆ ಹೋಗುವ ಬಾಗಿಲು. ಅದಕ್ಕೆ ಸೊಂಟದೆತ್ತರಕ್ಕೆ ಅಡ್ಡ ಸರಳು, ತಳ್ಳಿದರೆ ತಾನೇ ತೆರೆದುಕೊಳ್ಳುವಂಥದ್ದು. ಆ ಸರಳಿಗೆ ಎರಡು ಸುತ್ತು ಸರಪಳಿ ಸುತ್ತಿ, ಪಕ್ಕದ ಕಂಬಿಗೆ ಸೇರಿಸಿ ಹಿತ್ತಾಳೆ ಬೀಗ ಹಾಕಿದ್ದರು. ಸೈಕಲ್ಲಿಗೆ ಹಾಕುತ್ತಾರಲ್ಲ, ಪ್ಲಾಸ್ಟಿಕ್ ಕೊಳವೆ ತೊಡಿಸಿದ ಸರಪಳಿ, ಅಂಥದ್ದು. ಸರಳಿನ ಬಣ್ಣ ಆ ಜಾಗದಲ್ಲಿ ಸವೆದು ಕಬ್ಬಿಣ ಕಾಣುತ್ತಿತ್ತು. ಅಂದರೆ ಅವತ್ತೊಂದು ರಾತ್ರಿ ಹಾಕಿದ್ದಲ್ಲ, ತಿಂಗಳುಗಟ್ಟಲೆ ಹಾಕಿ ತೆಗೆದು ಮಾಡಿದ್ದಾರೆ. ಮೇಲೆ ಒಂದು ಕಾಗದ: "ಭದ್ರತೆಯ ಕಾರಣ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದೆ." ಹಸಿರು ಪಟ್ಟಿ ನೇರವಾಗಿ ಬಂದು ಆ ಬೀಗದ ಕೆಳಗೆ ನಿಂತಿತ್ತು.

ನನಗೆ ಕೈಕಾಲು ತಣ್ಣಗಾಯಿತು. ಈ ಮೆಟ್ಟಿಲು ನಂಬಿಕೊಂಡು ಮಲಗಿದವರು 5 ಮತ್ತು 6ನೇ ಡೆಕ್‌ನಲ್ಲಿ ನೂರಕ್ಕೂ ಜಾಸ್ತಿ ಜನ ಇರಬೇಕು. 1990ರ ಏಪ್ರಿಲ್ 7ರಂದು ಓಸ್ಲೊದಿಂದ ಡೆನ್ಮಾರ್ಕ್ ಕಡೆಗೆ ಹೊರಟಿದ್ದ ಸ್ಕ್ಯಾಂಡಿನೇವಿಯನ್ ಸ್ಟಾರ್‌ನಲ್ಲಿ ರಾತ್ರಿ 2 ಗಂಟೆ ಸುಮಾರಿಗೆ ಬೆಂಕಿ ಬಿತ್ತು. 159 ಜನ ಸತ್ತರು. ಹೆಚ್ಚಿನವರನ್ನು ಕೊಂದಿದ್ದು ವಿಷದ ಹೊಗೆ. ಕ್ಯಾಬಿನ್‌ಗಳಲ್ಲಿ, ಓಣಿಗಳಲ್ಲಿ, ದಾರಿ ಸಿಗದೆ ಬಿದ್ದಿದ್ದರು. ಅದು ತಾನಾಗಿ ಹತ್ತಿದ ಬೆಂಕಿಯಲ್ಲ, ಯಾರೋ ಬೇಕಂತಲೇ ಹಚ್ಚಿದ್ದು ಅಂತ ತನಿಖೆ ಹೇಳಿತು. ಕಿಡಿಗೇಡಿಯನ್ನು ತಡೆಯಬೇಕು, ಅದು ನಿಜ. ಆದರೆ ಅವನು ಹಚ್ಚಿದ ಬೆಂಕಿಯಿಂದ ಓಡಿ ಬರುವವರಿಗೂ ಅದೇ ಬಾಗಿಲೇ ಗತಿ.

ರಿಸೆಪ್ಶನ್‌ಗೆ ಹೋದೆ. ಅಲ್ಲಿದ್ದ ಹುಡುಗ "ಭದ್ರತೆಗಾಗಿ ಸರ್" ಅಂದ. ನಮ್ಮ ಭಾಷೆಯಲ್ಲಿ ಈ ಪದದ್ದೇ ಒಂದು ತೊಂದರೆ. ಕಳ್ಳರಿಂದ, ಬಾಂಬಿನಿಂದ ಕಾಯುವುದಕ್ಕೂ ಭದ್ರತೆ ಅನ್ನುತ್ತೇವೆ, ಬೆಂಕಿಯಿಂದ, ನೀರಿನಿಂದ ಉಳಿಸುವುದಕ್ಕೂ ಭದ್ರತೆ ಅನ್ನುತ್ತೇವೆ. ಹಡಗಿನವರಿಗೆ ಇವು ಎರಡು ಬೇರೆ ಕೆಲಸ. ಮೊದಲನೆಯದು ಕಾವಲು, ಎರಡನೆಯದು ಸುರಕ್ಷತೆ ಅಂತಿಟ್ಟುಕೊಳ್ಳಿ. ಎರಡರ ಸ್ವಭಾವವೇ ಬೇರೆ. ಹಡಗು ಅಪಹರಣವಾದರೆ ಒತ್ತುವ ಗುಂಡಿ ಒಂದಿದೆ. ಅದು ಹಡಗಿನೊಳಗೆ ಸದ್ದೇ ಮಾಡುವುದಿಲ್ಲ, ದಡಕ್ಕೆ ಮಾತ್ರ ಗುಟ್ಟಾಗಿ ಸುದ್ದಿ ಮುಟ್ಟಿಸುತ್ತದೆ. ಬೆಂಕಿಯ ಗಂಟೆ ಸತ್ತವರೂ ಏಳುವ ಹಾಗೆ ಬಡಿದುಕೊಳ್ಳುತ್ತದೆ. ಕಾವಲಿಗೆ ಮುಚ್ಚುವುದು, ಬಚ್ಚಿಡುವುದು ರೂಢಿ. ಸುರಕ್ಷತೆಗೆ ತೆರೆಯುವುದು, ಎಲ್ಲರಿಗೂ ಹೇಳುವುದು ರೂಢಿ. ಒಂದೇ ಹಡಗಿನಲ್ಲಿ ಎರಡೂ ಇರಬೇಕು. ಜಗಳ ಬರುವುದು ಬಾಗಿಲ ಹತ್ತಿರ.

ಭದ್ರತಾ ಅಧಿಕಾರಿ ಬಂದರು. ಮರ್ಯಾದೆಯಿಂದಲೇ ಮಾತಾಡಿದರು. ಅವರ ಕಾರಣಗಳು ಸುಳ್ಳಲ್ಲ. ಕುಡಿದವನೊಬ್ಬ ರಾತ್ರಿ ಆ ಬಾಗಿಲಿನಿಂದ ಹೊರಗೆ ಹೋಗಿ ಕಂಬಿ ಹತ್ತಿ ನಿಂತಿದ್ದನಂತೆ. ಇನ್ನೊಬ್ಬ ಅಲ್ಲಿಂದ ಸಿಬ್ಬಂದಿಯ ಜಾಗಕ್ಕೆ ನುಗ್ಗಿದ್ದನಂತೆ.

"ಬೆಂಕಿ ಬಿದ್ದರೆ ಬೀಗ ತೆಗೆಯುವವರು ಯಾರು ಸರ್?" ಅಂದೆ.

"ಗಸ್ತಿನವನ ಹತ್ತಿರ ಕೀಲಿ ಇರುತ್ತದೆ. ಗಂಟೆ ಹೊಡೆದ ತಕ್ಷಣ ಬಂದು ತೆಗೆಯುತ್ತಾನೆ."

"ಈಗ ಕರೆಯುತ್ತೀರಾ? ಎಷ್ಟು ಹೊತ್ತು ಬೇಕು ನೋಡೋಣ."

ಅವರು ಒಪ್ಪಿದ್ದು ದೊಡ್ಡತನ. ವಾಕಿಟಾಕಿಯಲ್ಲಿ ಕರೆದರು. ನಾವಿಬ್ಬರೂ ಆ ಬಾಗಿಲ ಮುಂದೆ ನಿಂತೆವು. ನಾನು ಫೋನಿನಲ್ಲಿ ಸಮಯ ಹಚ್ಚಿಟ್ಟೆ. ಗಸ್ತಿನ ಹುಡುಗ 3ನೇ ಡೆಕ್‌ನಲ್ಲಿ, ಕಾರುಗಳನ್ನು ನಿಲ್ಲಿಸುವ ಕಡೆ ಇದ್ದನಂತೆ. ಓಡಿಕೊಂಡು ಬಂದ. ಏದುಸಿರು ಬಿಡುತ್ತಿದ್ದ. ಸೊಂಟದ ಗೊಂಚಲಿನಲ್ಲಿ ಇಪ್ಪತ್ತು ಕೀಲಿ ಇರಬೇಕು. ಮೊದಲನೆಯದು ಹೋಗಲಿಲ್ಲ. ಎರಡನೆಯದು ಒಳಗೆ ಹೋಯಿತು, ತಿರುಗಲಿಲ್ಲ. ಮೂರನೆಯದಕ್ಕೆ ಬೀಗ ಬಿಟ್ಟಿತು. ಸರಪಳಿಯ ಎರಡು ಸುತ್ತು ಬಿಚ್ಚುವಾಗ ಕೊಳವೆ ಸರಳಿಗೆ ಕಚ್ಚಿಕೊಂಡು ಇನ್ನಷ್ಟು ತಡ. ಬಾಗಿಲು ತೆರೆದಾಗ 4 ನಿಮಿಷ 10 ಸೆಕೆಂಡ್.

ಇದು ದೀಪ ಉರಿಯುತ್ತಿದ್ದಾಗ, ಹೊಗೆ ಇಲ್ಲದಾಗ. ಹಿಂದಿನಿಂದ ನೂರು ಜನ ತಳ್ಳುತ್ತಿರಲಿಲ್ಲ. ಕೆಳಗಿನಿಂದ ಮೇಲೆ ಓಡಿ ಬರುವ ಹುಡುಗನಿಗೆ ಎದುರಾಗಿ ಯಾರೂ ಬರುತ್ತಿರಲಿಲ್ಲ. ಆ ಹುಡುಗನೇ ಹೊಗೆಯಲ್ಲಿ ಬಿದ್ದಿದ್ದರೆ? ನಾನು ಮತ್ತೇನೂ ಹೇಳಲಿಲ್ಲ. ಅಧಿಕಾರಿ ಫೋನಿನ ಪರದೆಯನ್ನೇ ನೋಡುತ್ತಾ ನಿಂತರು.

ಸ್ವಲ್ಪ ಹೊತ್ತಿನ ಮೇಲೆ ಅವರು, ಭದ್ರತಾ ಯೋಜನೆ ಗುಟ್ಟಿನದು, ಅದರ ಬಗ್ಗೆ ಪ್ರಯಾಣಿಕರ ಜೊತೆ ಮಾತಾಡುವ ಹಾಗಿಲ್ಲ ಅಂದರು. ಯೋಜನೆ ಗುಟ್ಟಾಗಿರಬೇಕು, ನಾನೂ ಒಪ್ಪುತ್ತೇನೆ. ಆದರೆ ತಪ್ಪಿಸಿಕೊಳ್ಳುವ ದಾರಿ ಗುಟ್ಟಲ್ಲ. ಅದನ್ನು ಅವರೇ ನನ್ನ ಕ್ಯಾಬಿನ್ ಬಾಗಿಲಿಗೆ ಅಂಟಿಸಿದ್ದಾರೆ. ಕಾವಲಿನ ನಿಯಮವೂ ಸುರಕ್ಷತೆಯ ನಿಯಮವೂ ಒಂದಕ್ಕೊಂದು ಎದುರಾದರೆ ಏನು ಮಾಡಬೇಕು ಅಂತಲೂ ಸೋಲಾಸ್‌ನಲ್ಲಿ ಬರೆದಿದೆ. ಭದ್ರತೆಯ ಬಗ್ಗೆ ಇರುವ ಅಧ್ಯಾಯದಲ್ಲೇ ಬರೆದಿದೆ. ಅಂಥ ಸಂದರ್ಭದಲ್ಲಿ ಕ್ಯಾಪ್ಟನ್ ಹಡಗಿನ ಸುರಕ್ಷತೆ ಉಳಿಸುವುದನ್ನೇ ಜಾರಿ ಮಾಡಬೇಕು. ಇದನ್ನು ಹೇಳಿದಾಗ ಅವರು "ಗೊತ್ತು ಸರ್" ಅಂದರು. ಗೊತ್ತಿತ್ತು ಅಂತಲೇ ನನಗೂ ಅನಿಸಿತು.

11:40ಕ್ಕೆ ಕ್ಯಾಪ್ಟನ್ ನಂತರದ ಸ್ಥಾನದ ಚೀಫ್ ಆಫೀಸರ್ ಬಂದರು. ಕಾಗದ ಓದಿದರು. ಸರಪಳಿ ಮುಟ್ಟಿ ನೋಡಿದರು. "ಇದನ್ನು ಹಾಕಲು ಹೇಳಿದ್ದು ಯಾರು?" ಅಂದರು. ಯಾರೂ ಮಾತಾಡಲಿಲ್ಲ. ಅಲ್ಲೇ ಕಾಗದ ಹರಿದು, ಸರಪಳಿ ತೆಗೆಸಿ, ಕುರ್ಚಿ ಹಾಕಿಸಿ ಒಬ್ಬನನ್ನು ಕೂರಿಸಿದರು. ನನಗೆ ಕೈಕೊಟ್ಟು ಧನ್ಯವಾದ ಹೇಳಿದರು. ಕ್ಯಾಬಿನ್‌ಗೆ ಹೋದಾಗ ಅಮ್ಮ ಎದ್ದೇ ಇದ್ದರು. "ಇಷ್ಟು ಹೊತ್ತಲ್ಲಿ ಎಲ್ಲಿ ಅಲೀತಿದ್ದೆ? ಮಲಗೋ" ಅಂದರು. ನಾಲ್ಕು ಸ್ಟಾರ್ ಕೊಡೋಣ ಅಂದುಕೊಂಡು ಮಲಗಿದೆ.

ಮಾರನೇ ದಿನ ಹಗಲೆಲ್ಲ ಚೆನ್ನಾಗಿ ಕಳೆಯಿತು. ಸಮುದ್ರ ಶಾಂತವಾಗಿತ್ತು. ಮಗಳು ಡೆಕ್ ಬಿಟ್ಟು ಕದಲಲಿಲ್ಲ. ನಾನು ಮಾತ್ರ ಇನ್ನೊಂದು ವಿಷಯ ನೋಡಿದೆ. ಮಸ್ಟರ್ ಸ್ಟೇಷನ್‌ನಲ್ಲಿ ಲೈಫ್ ಜಾಕೆಟ್ ತುಂಬಿದ ದೊಡ್ಡ ಪೆಟ್ಟಿಗೆಗಳಿವೆ. ಡ್ರಿಲ್ ಹೊತ್ತಿನಲ್ಲಿ ಮುಚ್ಚಳ ತೆರೆದಿತ್ತು. ಈಗ ಮೂರಕ್ಕೂ ಬೀಗ. ಕೇಳಿದರೆ, ಜನ ಜಾಕೆಟ್ಟಿನ ದೀಪ, ಸೀಟಿ ಕಿತ್ತುಕೊಂಡು ಹೋಗುತ್ತಾರೆ ಅಂದರು. ಅದೂ ನಿಜವೇ, ನಾನು ಸರಕು ಹಡಗಿನಲ್ಲೇ ನೋಡಿದ್ದೇನೆ. ದೀಪ ಕಿತ್ತ ಜಾಕೆಟ್ ತೊಟ್ಟು ರಾತ್ರಿ ನೀರಿಗೆ ಬಿದ್ದವನನ್ನು ಹುಡುಕುವುದು ಬಹಳ ಕಷ್ಟ. ಆದರೆ ಇದಕ್ಕೆ ಹಳೇ ಉಪಾಯ ಇದೆ. ನಂಬರ್ ಇರುವ ತೆಳು ಪ್ಲಾಸ್ಟಿಕ್ ಸೀಲ್. ಮಗುವೂ ಎಳೆದರೆ ಕಿತ್ತು ಬರುತ್ತದೆ. ಯಾರಾದರೂ ಮುಟ್ಟಿದ್ದರೆ ಗಸ್ತಿನವನಿಗೆ ತಕ್ಷಣ ಗೊತ್ತಾಗುತ್ತದೆ. ಒಳಗಿನ ಸಾಮಾನು ಆಗಲೇ ಎಣಿಸಿ ಸರಿ ಮಾಡಬಹುದು. ಮಗಳ ಅಳತೆಯ ಜಾಕೆಟ್ ಆ ಪೆಟ್ಟಿಗೆಯಲ್ಲೇ ಇತ್ತು, ನಮ್ಮ ಕ್ಯಾಬಿನ್ನಿನಲ್ಲಿ ದೊಡ್ಡವರದ್ದು ಮಾತ್ರ. ಡೆಸ್ಕ್‌ನಲ್ಲಿ ಹೇಳಿದ ಮೇಲೆ ಒಂದು ಮಕ್ಕಳ ಜಾಕೆಟ್ ಕ್ಯಾಬಿನ್‌ಗೆ ತಂದುಕೊಟ್ಟರು. ಪೆಟ್ಟಿಗೆಯ ಬೀಗ ಹಾಗೇ ಇತ್ತು.

ಎರಡನೇ ರಾತ್ರಿ 12:30ಕ್ಕೆ ಹೋಗಿ ನೋಡಿದೆ. ಸರಪಳಿ ಇಲ್ಲ. ಕುರ್ಚಿಯಲ್ಲಿ ಹುಡುಗ ಕೂತಿದ್ದ. ಹಿಂದಿನ ರಾತ್ರಿ ಓಡಿ ಬಂದವನೇ. ನನ್ನನ್ನು ನೋಡಿ ಎದ್ದು ನಿಂತ. ಎಷ್ಟು ಹೊತ್ತಿನವರೆಗೆ ಡ್ಯೂಟಿ ಅಂದೆ. ನಾಲ್ಕರವರೆಗೆ ಅಂದ. ಆಮೇಲೆ ಯಾರು ಅಂದೆ. ಗೊತ್ತಿಲ್ಲ ಸರ್ ಅಂದ.

ಬೆಳಗಿನ ಜಾವ 4:30ಕ್ಕೆ ಎಚ್ಚರವಾಯಿತು. ಮನಸ್ಸು ಕೇಳಲಿಲ್ಲ, ಹೋದೆ. ಕುರ್ಚಿ ಖಾಲಿ. ಸರಪಳಿ ಮತ್ತೆ ಬಾಗಿಲ ಮೇಲೆ. ಎರಡು ಸುತ್ತು, ಅದೇ ಬೀಗ.

ಅಲ್ಲಿ ನಿಂತಾಗ ನನಗೆ ಪೂರ್ತಿ ಅರ್ಥವಾಯಿತು. ಆ ಸರಪಳಿ ಹಾಕಿದ್ದು ಕುಡುಕನನ್ನು ತಡೆಯಲು ಅಂತ ಹೇಳುತ್ತಾರೆ. ನಿಜಕ್ಕೂ ಅದು ಇಲ್ಲದ ಒಬ್ಬ ಮನುಷ್ಯನ ಜಾಗದಲ್ಲಿದೆ. ರಾತ್ರಿ ಕಾವಲಿಗೆ ಜನ ಸಾಲದು, ಅದಕ್ಕೆ ಬೀಗ. ಆದರೆ ರಾತ್ರಿ ಸುತ್ತುವ ಮನುಷ್ಯ ಎರಡೂ ಕೆಲಸ ಮಾಡುತ್ತಾನೆ. ಕಳ್ಳನನ್ನೂ ನೋಡುತ್ತಾನೆ, ಹೊಗೆಯ ವಾಸನೆಯನ್ನೂ ಹಿಡಿಯುತ್ತಾನೆ. 36ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಲ್ಲಿ ಬೆಂಕಿ ಬೇಗ ಪತ್ತೆಯಾಗಲಿ ಅಂತ ಗಸ್ತು ಇರಲೇಬೇಕು ಅನ್ನುವ ನಿಯಮ ಇದೆ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾ ತೀರದಲ್ಲಿ ಕಾನ್ಸೆಪ್ಷನ್ ಅನ್ನುವ ಸಣ್ಣ ಡೈವಿಂಗ್ ದೋಣಿ ಹೊತ್ತಿ ಉರಿದಾಗ, ಕೆಳಗೆ ಮಲಗಿದ್ದ 34 ಜನರೂ ಸತ್ತರು. ರಾತ್ರಿ ಸುತ್ತುವ ಕಾವಲು ಅಲ್ಲಿ ಇರಲಿಲ್ಲ. ಸರಪಳಿಗೆ ಮೂಗಿಲ್ಲ, ಕೂಗಲೂ ಬರುವುದಿಲ್ಲ.

ಇಳಿಯುವ ಗಡಿಬಿಡಿಯಲ್ಲಿ ಚೀಫ್ ಆಫೀಸರ್ ಸಿಗಲಿಲ್ಲ. ಡೆಸ್ಕ್‌ನಲ್ಲಿ ಬರೆದುಕೊಟ್ಟು ಬಂದೆ. ಆಮೇಲೆ ಕಂಪನಿಗೆ ಫೋಟೊ, ಸಮಯ, ಡೆಕ್ ನಂಬರ್ ಎಲ್ಲ ಹಾಕಿ ಪತ್ರ ಬರೆದೆ. 12 ದಿನಕ್ಕೆ ಉತ್ತರ ಬಂತು. ನಿಮ್ಮ ಅನಿಸಿಕೆ ನಮಗೆ ಮುಖ್ಯ, ಕ್ಯಾಬಿನ್ ಇಷ್ಟವಾಗಿದ್ದಕ್ಕೆ ಸಂತೋಷ ಅಂತ ಇತ್ತು. ಬಾಗಿಲ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹಾಗಾಗಿ 2 ಸ್ಟಾರ್. ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಆ ಬಾಗಿಲಿಗೆ ಸರಪಳಿ ಬದಲು ಗಂಟೆ ಹಾಕಿ. ಒಳಗಿನಿಂದ ತಳ್ಳಿದರೆ ತೆರೆಯಲಿ, ತೆರೆದ ಕ್ಷಣ ಹಡಗು ನಡೆಸುವ ಕೋಣೆ ಬ್ರಿಡ್ಜ್‌ನಲ್ಲಿ ಸದ್ದಾಗಲಿ, ಕ್ಯಾಮೆರಾ ಅತ್ತ ತಿರುಗಲಿ. ಸಿಬ್ಬಂದಿಯ ಜಾಗಕ್ಕೆ ಬೀಗ ಬೇಕಾದರೆ ಅದು ಹೊರಗಿನ ಕಡೆ ಇರಲಿ, ಒಳಗಿನವರಿಗೆ ಕೈಯಲ್ಲೇ ತೆರೆಯಲಿ. ಜಾಕೆಟ್ ಪೆಟ್ಟಿಗೆಗೆ ಸೀಲ್ ಹಾಕಿ. 4 ಗಂಟೆಯಿಂದ 6 ಗಂಟೆಯವರೆಗೆ ಒಬ್ಬರನ್ನು ಹೆಚ್ಚಿಗೆ ಇಡಿ.

ನೀವು ಯಾವುದೇ ಹಡಗಿನಲ್ಲಿ ರಾತ್ರಿ ಉಳಿಯುವುದಿದ್ದರೆ ಮಲಗುವ ಮುಂಚೆ ನಕ್ಷೆಯ ಎರಡೂ ದಾರಿಯಲ್ಲಿ ಕೊನೆಯ ಬಾಗಿಲವರೆಗೆ ನಡೆದು ಬನ್ನಿ. ಹಗಲು ನೋಡಿದ್ದು ಸಾಲದು, ಈ ಬಾಗಿಲೂ ಹಗಲು ತೆರೆದೇ ಇತ್ತು. ಬೀಗ ಕಂಡರೆ ಫೋಟೊ ತೆಗೆದು ಆಗಲೇ ಕ್ಯಾಪ್ಟನ್ನಿಗೋ ಚೀಫ್ ಆಫೀಸರ್‌ಗೋ ಸುದ್ದಿ ಮುಟ್ಟಿಸಲು ಕೇಳಿ. ಮೆಲ್ಲಗೆ ಮಾತಾಡಿದರೂ ಸಾಕು, ಬಿಟ್ಟು ಮಾತ್ರ ಬರಬೇಡಿ.

ಈ ಕಂಪನಿಯವರು ಇದನ್ನು ಓದಿದರೆ: 7ನೇ ಡೆಕ್, ಹಿಂಬದಿಯ ಮೆಟ್ಟಿಲು, ಹಡಗಿನ ಎಡಬದಿಯ ಬಾಗಿಲು. ಬೆಳಗಿನ ಜಾವ 4:30ಕ್ಕೆ ತೆಗೆದ ಅದರ ಫೋಟೊ ಕಳಿಸಿ. ಸರಪಳಿ ಇಲ್ಲದಿದ್ದರೆ ಅವತ್ತೇ ಈ ಸ್ಟಾರ್‌ಗಳನ್ನು ತಿದ್ದುತ್ತೇನೆ.